ಗೋಡೆಗೇರಿದ ಪ್ರಬಂಧ

ಡಿಸೆಂಬರ್ ಕಾಲಿಟ್ಟರೆ ಸಾಕು, ಬೇಲೂರು–ಹಳೇಬೀಡು ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳದ್ದೇ ಓಡಾಟ. ಬೀದರಿನಿಂದ ಚಾಮರಾಜನಗರದವರೆಗಿನ ಮಕ್ಕಳು ಬಂದು ಇಳಿಯುತ್ತಾರೆ. ಇಬ್ಬಿಬ್ಬರಾಗಿ ಕೈ ಹಿಡಿದು ಸಾಲು ನಿಲ್ಲುತ್ತಾರೆ, ಗೈಡ್ ಬೆರಳು ಮಾಡಿದ ಕಡೆ ಕತ್ತೆತ್ತಿ ನೋಡುತ್ತಾರೆ, ಮೇಷ್ಟ್ರು ಸೀಟಿ ಊದಿದೊಡನೆ ಮತ್ತೆ ಬಸ್ಸು ಹತ್ತುತ್ತಾರೆ. ಊರು ಸೇರಿದ ಮೇಲೆ ಒಂದು ಬಾಕಿ ಇರುತ್ತದೆ: ‘ನಾವು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯಿಂದ ಅದರ ಪೀಠಿಕೆ ಶುರುವಾಗುತ್ತದೆ. ನಡುವೆ ವಿಷ್ಣುವರ್ಧನ, 1117ನೇ ಇಸವಿ, ಶಿಲಾಬಾಲಿಕೆಯರು. ಉಪಸಂಹಾರದಲ್ಲಿ ‘ಈ ಪ್ರವಾಸ ನನ್ನ ಜೀವನದಲ್ಲಿ ಮರೆಯಲಾಗದ ಅನುಭವ’. ರಾಜ್ಯದ ಯಾವ ಶಾಲೆಯ ಪುಸ್ತಕ ತೆರೆದರೂ ಈ ಪ್ರಬಂಧ ಸಿಗುತ್ತದೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗ ಅದರಲ್ಲಿ ಇರುವುದಿಲ್ಲ. ಬರಿಗಾಲಲ್ಲಿ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಕುಣಿದದ್ದು ಇರುವುದಿಲ್ಲ. ಹಳೇಬೀಡಿನ ಗೋಡೆಯ ಆನೆ ಸಾಲಿನಲ್ಲಿ ಒಂದು ಆನೆ ಇನ್ನೊಂದರಂತೆ ಇಲ್ಲ ಎಂದು ತಾನಾಗಿ ಕಂಡುಕೊಂಡದ್ದೂ ಇರುವುದಿಲ್ಲ.

ನಾವು ಅರಸೀಕೆರೆ ತಾಲ್ಲೂಕಿನವರು. ಬೇಲೂರು, ಹಳೇಬೀಡು ನಮಗೆ ಪ್ರವಾಸವಲ್ಲ, ನೆಂಟರ ಊರು. ಆದರೂ ಹೈಸ್ಕೂಲಿನಲ್ಲಿ ನಾವು ಬರೆದದ್ದೂ ಇದೇ ಪ್ರಬಂಧವನ್ನು, ಅದೇ ಗೈಡ್ ಪುಸ್ತಕದ ಮಾತುಗಳಲ್ಲಿ. ಇದು ಮಕ್ಕಳ ಸೋಮಾರಿತನ ಎಂದು ನಾನು ಒಪ್ಪುವುದಿಲ್ಲ. ಈಗ ನಾನೇ ಕನ್ನಡ ಪಾಠ ಮಾಡುತ್ತೇನೆ, ಪ್ರಬಂಧದ ಪುಸ್ತಕಗಳ ಕಂತೆಯನ್ನು ಮನೆಗೆ ಹೊರುತ್ತೇನೆ. ಆ ಪುಟಗಳನ್ನು ಓದುವಾಗ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ: ಬರೆದ ಮಗುವಿಗೆ ಓದುಗ ಇಲ್ಲ. ಇರುವುದು ಕೆಂಪು ಶಾಯಿಯ ಪೆನ್ನು ಹಿಡಿದ ಒಬ್ಬರೇ. ಅವರಿಗೆ ವಿಷಯ ಮೊದಲೇ ಗೊತ್ತು. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳಿ ಅಂಕ ಪಡೆಯುವುದು ಅಲ್ಲಿನ ವ್ಯವಹಾರ. ಅಂಥ ಕಡೆ ಯಾವ ಮಗು ತಾನು ಕಂಡದ್ದನ್ನು ಹೇಳೀತು?

ಪತ್ರಲೇಖನದ ಪ್ರಶ್ನೆಯನ್ನೇ ನೋಡಿ. ನೀವು ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ, ಇಂಥ ಊರಿನಲ್ಲಿರುವ ತಂದೆಗೆ ಪತ್ರ ಬರೆಯಿರಿ. ಬರೆಯುವವನೂ ಕಲ್ಪಿತ, ಓದುವ ತಂದೆಯೂ ಕಲ್ಪಿತ. ‘ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು’ ಎಂದು ಬರೆಯುವ ಹುಡುಗ ಅದೇ ಸಂಜೆ ಮನೆಯಲ್ಲಿ ‘ಅಪ್ಪಾ, ಮೋಟ್ರು ಆನ್ ಮಾಡಿ ಬರ್ಲಾ?’ ಎಂದು ಕೇಳುತ್ತಾನೆ. ಪತ್ರದ ಒಕ್ಕಣೆ ಕಲಿಯಲಿ, ಬೇಡ ಎನ್ನುವುದಿಲ್ಲ. ಆದರೆ ಹತ್ತು ವರ್ಷದ ಶಾಲಾ ಓದಿನಲ್ಲಿ ಒಂದೇ ಒಂದು ಪತ್ರವಾದರೂ ನಿಜವಾಗಿ ಅಂಚೆ ಡಬ್ಬಕ್ಕೆ ಬೀಳಬೇಡವೇ?

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಇಂಗ್ಲೆಂಡಿನಲ್ಲಿ ಶಿಕ್ಷಣತಜ್ಞ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು 65 ಪ್ರೌಢಶಾಲೆಗಳಿಂದ ಮಕ್ಕಳ 2,000ಕ್ಕೂ ಹೆಚ್ಚು ಬರಹಗಳನ್ನು ತರಿಸಿಕೊಂಡು, ಒಂದೊಂದನ್ನೂ ಯಾರಿಗಾಗಿ ಬರೆದದ್ದು ಎಂದು ವಿಂಗಡಿಸಿದರು. 1975ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಅರ್ಧದಷ್ಟು ಬರಹಕ್ಕೆ ಪರೀಕ್ಷಕನ ಸ್ಥಾನದಲ್ಲಿ ಕೂತ ಶಿಕ್ಷಕನೊಬ್ಬನೇ ಓದುಗ. ಮೇಲ್ತರಗತಿಗೆ ಹೋದಂತೆಲ್ಲ ಈ ಪಾಲು ಹೆಚ್ಚುತ್ತದೆ.

ನಮ್ಮನ್ನು ಇದರಿಂದ ಬಿಡಿಸಿದ್ದು ಒಂದು ಗೋಡೆ ಪತ್ರಿಕೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಕನ್ನಡದ ಮೇಷ್ಟ್ರು ಸ್ಟಾಫ್ ರೂಮಿನ ಹೊರಗೋಡೆಗೆ ಹಳೆಯ ಕ್ಯಾರಂ ಬೋರ್ಡೊಂದನ್ನು ಮೊಳೆ ಹೊಡೆದು ಕೂರಿಸಿದರು. ತಿಂಗಳಿಗೊಮ್ಮೆ ಅದರ ಮೇಲೆ ನಾಲ್ಕು ಡ್ರಾಯಿಂಗ್ ಶೀಟು. ಬರೆಯುವವರು ಹಾಳೆಯ ಒಂದೇ ಬದಿ ಬರೆಯಬೇಕು, ಕೆಳಗೆ ಹೆಸರು, ತರಗತಿ, ಊರು ಹಾಕಬೇಕು. ಪಕ್ಕದಲ್ಲಿ ಖಾಲಿ ಅಂಚು ಬಿಟ್ಟಿರಬೇಕು. ಓದಿದವರು ಪೆನ್ಸಿಲ್ಲಿನಲ್ಲಿ ಪ್ರಶ್ನೆ ಕೇಳಬಹುದು. ಮೇಷ್ಟ್ರ ಒಂದು ಷರತ್ತು ಎಲ್ಲಕ್ಕಿಂತ ದೊಡ್ಡದು: ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರೂ ಬರೆಯಕೂಡದು, ಪ್ರಶ್ನೆ ಮಾತ್ರ. ಇದರ ಬೆಲೆ ಆಗ ತಿಳಿದಿರಲಿಲ್ಲ. ಹೊಗಳಿಕೆ ಬರೆಯುವವನನ್ನು ಅಲ್ಲಿಗೇ ನಿಲ್ಲಿಸುತ್ತದೆ, ಪ್ರಶ್ನೆ ಮತ್ತೆ ಹಾಳೆಯ ಮುಂದೆ ಕೂರಿಸುತ್ತದೆ.

ನನ್ನ ಬೆಂಚಿನ ಗೆಳತಿಯೊಬ್ಬಳದು ತೆಂಗಿನ ತೋಟದವರ ಮನೆ. ತರಗತಿಯಲ್ಲಿ ಅವಳು ಬರೆದಿದ್ದ ಪ್ರಬಂಧದ ಹೆಸರು ‘ಕಲ್ಪವೃಕ್ಷ’. ತೆಂಗಿನ ಎಲ್ಲ ಭಾಗಗಳೂ ಉಪಯೋಗಕ್ಕೆ ಬರುತ್ತವೆ, ಆದ್ದರಿಂದ ಅದಕ್ಕೆ ಕಲ್ಪವೃಕ್ಷವೆಂದು ಹೆಸರು, ನಾವೆಲ್ಲರೂ ಮರ ಬೆಳೆಸೋಣ. ಅದನ್ನೇ ಗೋಡೆಗೆ ಕೊಡಹೋದಾಗ ಮೇಷ್ಟ್ರು ಓದಿ, “ಇದನ್ನ ತೆಂಗಿನ ಮರ ನೋಡದೇ ಇರೋರೂ ಬರೀಬಹುದಲ್ಲಮ್ಮ, ನಿಮ್ಮ ಮನೇಲಿ ಏನು ಮಾಡ್ತೀರ ಅದನ್ನ ಬರಿ” ಎಂದರು. ಅವಳು ಎಂಟು ಸಾಲು ಬರೆದಳು. ತಾತ ಕಾಯಿಯನ್ನು ಅಟ್ಟಕ್ಕೆ ಹಾಕುತ್ತಾರೆ, ವರ್ಷ ಬಿಟ್ಟು ಇಳಿಸುತ್ತಾರೆ, ಸುಲಿದು ಕೊಬ್ಬರಿ ಮಾಡಿ ತಿಪಟೂರಿಗೆ ಒಯ್ಯುತ್ತಾರೆ.

ಅಂಚಿನಲ್ಲಿ ಪ್ರಶ್ನೆ ಬಂತು. ಮೊದಲನೆಯದು ರೈಲ್ವೆ ಕ್ವಾರ್ಟರ್ಸಿನ ಹುಡುಗನದು: ವರ್ಷ ಆಯಿತು ಅಂತ ಇಳಿಸುತ್ತೀರೋ, ಕೊಬ್ಬರಿ ಆಗಿದೆ ಅಂತ ತಿಳಿದು ಇಳಿಸುತ್ತೀರೋ? ಎರಡನೆಯದು ಬಿಸಿಯೂಟದ ಅಡುಗೆಯ ಅಕ್ಕನದು. ಅವರು ಬಾಯಲ್ಲಿ ಕೇಳಿದರು, ಯಾರೋ ಬರೆದುಕೊಂಡರು: ಕೌಟು ಬಂದಿದ್ದು ಒಡೆಯೋಕೆ ಮುಂಚೆನೇ ಗೊತ್ತಾಗುತ್ತಾ? ಗೆಳತಿಗೆ ಉತ್ತರ ಗೊತ್ತಿರಲಿಲ್ಲ. ಸಂಜೆ ಅಟ್ಟ ಹತ್ತಿ ತಾತನ ಪಕ್ಕ ಕೂತಳು. ಮುಂದಿನ ತಿಂಗಳ ಹಾಳೆಯಲ್ಲಿ ಅವಳ ಬರಹ ಎರಡು ಪುಟವಾಗಿತ್ತು. ಮಟ್ಟೆ ಸಮೇತ ಕಾಯನ್ನು ಕಿವಿಯ ಹತ್ತಿರ ಹಿಡಿದು ಆಡಿಸಬೇಕು. ನೀರಿದ್ದರೆ ಕುಲುಕುವ ಸದ್ದು. ನೀರು ಇಂಗಿ, ಒಳಗಿನ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಗಟ್ಟಿ ವಸ್ತು ಬಡಿಯುವ ಸದ್ದು. ಎರಡರ ನಡುವಿನ ಸದ್ದೊಂದು ಇದೆ, ಅದು ಬಂದರೆ ತಾತ ಮಾತಾಡದೆ ಕಾಯನ್ನು ಮತ್ತೆ ರಾಶಿಯ ಮೇಲೆ ಇಡುತ್ತಾರೆ. ಚಿಪ್ಪು ಒಡೆಯುವಾಗ ಕತ್ತಿಯ ಏಟು ಉಂಡೆಗೆ ತಾಗಿದರೆ ಅದರ ಬೆಲೆ ಹೋಯಿತು. ಕೌಟಿನ ವಾಸನೆ ಹಿಡಿಯುವವರು ಅಜ್ಜಿ. ಅಜ್ಜಿಗೆ ಮೂಗಿನ ಲೆಕ್ಕ, ತಾತನಿಗೆ ಕಿವಿಯ ಲೆಕ್ಕ. ಈ ಕೊನೆಯ ವಾಕ್ಯ ಅವಳದೇ. ಕಲ್ಪವೃಕ್ಷದ ಪ್ರಬಂಧ ಬರೆದ ಕೈಯಿಂದಲೇ ಅದು ಬಂದದ್ದು.

ಆ ಸಲದ ಕಿರುಪರೀಕ್ಷೆಯಲ್ಲಿ ‘ಗ್ರಾಮೀಣ ಜೀವನ’ ಎಂಬ ಪ್ರಬಂಧ ಬಂತು. ಅವಳು ಪೀಠಿಕೆ ಬಿಡಲಿಲ್ಲ, ಉಪಸಂಹಾರವನ್ನೂ ಬಿಡಲಿಲ್ಲ, ಆದರೆ ನಡುವೆ ಅಟ್ಟ ಬಂತು, ಸದ್ದು ಬಂತು. ಗೋಡೆಯಲ್ಲಿ ಕಲಿತದ್ದು ಪುಸ್ತಕಕ್ಕೆ ಹರಿದದ್ದನ್ನು ನಾನು ಕಣ್ಣಾರೆ ಕಂಡದ್ದು ಹಾಗೆ. ನನ್ನ ಬರಹವೂ ಬದಲಾಯಿತು. ಅರಸೀಕೆರೆಯ ಈಶ್ವರ ದೇವಾಲಯ 1220ರದು, ದುಂಡನೆಯ ನಕ್ಷತ್ರಾಕಾರದ ಮುಖಮಂಟಪದ್ದು ಎಂದು ನಾನೂ ಬರೆದಿದ್ದೆ. ಹಾರನಹಳ್ಳಿಯಿಂದ ಬರುತ್ತಿದ್ದ ಹುಡುಗಿ ಅಂಚಿನಲ್ಲಿ ಕೇಳಿದಳು: ಒಳಗೆ ಕೂತರೆ ಏನು ಕಾಣುತ್ತದೆ? ನಾನು ಹೋಗಿ ಕೂತೆ. ಕಟ್ಟೆಗೆ ಬೆನ್ನು ಕೊಟ್ಟು ಕೂತವರಿಗೆ ಎದುರಿನ ಕಟ್ಟೆಯವರ ಮುಖ ನೇರವಾಗಿ ಕಾಣುತ್ತದೆ. ದುಂಡಗೆ ಕಟ್ಟಿದ್ದರಿಂದ ಯಾರೂ ಯಾರ ಬೆನ್ನ ಹಿಂದೆಯೂ ಬೀಳುವುದಿಲ್ಲ. ಅಲ್ಲಿ ಮಾತಿಗೆ ಕೂರುವ ಮುದುಕರು ಅದನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೆ ಎಂಬುದು ಅವತ್ತು ತಿಳಿಯಿತು. ಇಸವಿ, ಆಕಾರ ಹಾಗೆಯೇ ಉಳಿದವು, ಅವುಗಳ ಜೊತೆಗೆ ಮುದುಕರೂ ಬಂದು ಕೂತರು.

ಹೆಸರು ಹಾಕಿ ನಾಲ್ಕು ಜನರ ಎದುರು ಇಡುವುದು ನಮ್ಮ ನೆಲಕ್ಕೆ ಹೊಸದಲ್ಲ ಎಂದು ಮೇಷ್ಟ್ರು ಬೇಲೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಚೆನ್ನಕೇಶವ ದೇವಾಲಯದ ಮದನಿಕೆಯರ ಕಾಲ ಬುಡದ ಪೀಠಗಳಲ್ಲಿ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆಲವರು ಬರೀ ಹೆಸರಿಗೆ ನಿಲ್ಲುವುದಿಲ್ಲ, ಬಿರುದನ್ನೂ ಕೆತ್ತಿಕೊಂಡು ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕುತ್ತಾರೆ. ಅರಸ ಕಟ್ಟಿಸಿದ ಗುಡಿಯಲ್ಲಿ ಕೆತ್ತಿದವನ ಹೆಸರು ಉಳಿಯುವುದು ಭಾರತದ ಬೇರೆ ಕಡೆ ಇಷ್ಟು ಧಾರಾಳವಾಗಿ ಸಿಗುವುದಿಲ್ಲ. ಹೊಯ್ಸಳರ ಕಾಲದ ಮಲ್ಲಿತಮ್ಮ ಎಂಬ ಹೆಸರನ್ನು ಹಿಂಬಾಲಿಸಿದರೆ 1196ರ ಅಮೃತಾಪುರದಿಂದ ಹೊರಟು, ನಮ್ಮ ತಾಲ್ಲೂಕಿನ ಜಾವಗಲ್ಲನ್ನು ಹಾದು, ಸೋಮನಾಥಪುರಕ್ಕೆ ಮುಟ್ಟುತ್ತೇವೆ. ಎಷ್ಟೋ ಕಡೆ ಪೂರ್ತಿ ಹೆಸರೂ ಇಲ್ಲ, ‘ಮಲ್ಲಿ’ ಎಂದಷ್ಟೇ. ನೋಡುವವರಿಗೆ ಅಷ್ಟೇ ಸಾಕಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಂತೂ (1246) ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಪ್ರದಕ್ಷಿಣೆ ಬರುವ ಭಕ್ತ ತನಗರಿವಿಲ್ಲದೆಯೇ ಇಬ್ಬರ ಕೆಲಸವನ್ನೂ ಅಕ್ಕಪಕ್ಕ ಇಟ್ಟು ತೂಗುತ್ತಾನೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈಗ ಇನ್ನಷ್ಟು ಬಸ್ಸುಗಳು ಬರುತ್ತವೆ. ಬರುವ ಮಕ್ಕಳಿಗೆ ಆ ಪೀಠಗಳ ಅಕ್ಷರವನ್ನು ತೋರಿಸುವ ಮೇಷ್ಟ್ರುಗಳೂ ಬರಲಿ ಎಂಬುದು ನನ್ನ ಆಸೆ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವೂ ಹೀಗೆ ಹೊರಗೆ ನಿಂತ ಬರಹವೇ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450, ಹದಿನಾರು ಸಾಲು. ದತ್ತಿ ಬಿಟ್ಟದ್ದನ್ನು ಊರಿಗೆಲ್ಲ ತಿಳಿಸಿ, ಅದನ್ನು ಕಸಿಯುವವನಿಗೆ ಪಾಪ ಎಂದು ಎಚ್ಚರಿಸುವ ಬರಹ. ಮುಂದೆ ಯಾವನು ಬಂದು ಏನು ಮಾಡಿಯಾನು ಎಂದು ಮೊದಲೇ ಊಹಿಸಿ, ಅವನನ್ನು ಕಣ್ಣೆದುರು ನಿಲ್ಲಿಸಿಕೊಂಡು ಬರೆದದ್ದು.

ತರಗತಿಯ ವಿಷಯಕ್ಕೆ ಇನ್ನೂ ಹತ್ತಿರದ ಕಥೆಯೊಂದು ಇದೆ. ಕವಿ ಹರಿಹರ ಹೊಯ್ಸಳ ಅರಸನ ಬಳಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಕರಣಿಕನಾಗಿದ್ದ ಎಂದು ಪರಂಪರೆ ಹೇಳುತ್ತದೆ. ಅವನ ಸೋದರಳಿಯ, ಶಿಷ್ಯ ರಾಘವಾಂಕ. ಶಿಷ್ಯ ಹರಿಶ್ಚಂದ್ರಕಾವ್ಯ ಬರೆದ, ಸಭೆ ತಲೆದೂಗಿತು. ಗುರುವಿಗೆ ಮಾತ್ರ ಸಿಟ್ಟು: ಶಿವನನ್ನೂ ಶರಣರನ್ನೂ ಬಿಟ್ಟು ನರನಾದ ಅರಸನನ್ನು ಹೊಗಳಿದ್ದೇಕೆ? ಹೊಡೆತಕ್ಕೆ ಶಿಷ್ಯನ ಹಲ್ಲುದುರಿದವಂತೆ. ಆಮೇಲೆ ಶರಣರ ಮೇಲೆ ಕಾವ್ಯ ಬರೆದಾಗ ಮತ್ತೆ ಬಂದವಂತೆ. ಹರಿಹರನ ರಗಳೆಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ಕಥೆಯಲ್ಲಿ ನಾನು ನಿಲ್ಲುವುದು ಶಿಷ್ಯನ ಕಡೆಗೆ. ಗುರು ಅಂಕ ಕೊಡದ ಆ ಕಾವ್ಯವನ್ನೇ ಕನ್ನಡನಾಡು ಎಂಟು ಶತಮಾನ ಓದಿಸಿಕೊಂಡು, ಹಾಡಿಸಿಕೊಂಡು, ಪಠ್ಯಪುಸ್ತಕದಲ್ಲಿಟ್ಟುಕೊಂಡು ಬಂದಿದೆ.

ಅದೇ ಹೊಯ್ಸಳರ ಕಾಲದ ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ. ಅವನು ಕವಿ ಜನ್ನನ ಸೋದರಳಿಯ. ತಂದೆ ಮಲ್ಲಿಕಾರ್ಜುನ, ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಕಟ್ಟಿದವನು. ಕೇಶಿರಾಜನ ವ್ಯಾಕರಣದ ಸೊಗಸು ನನಗೆ ಕಾಣುವುದು ಅವನ ಉದಾಹರಣೆಗಳಲ್ಲಿ. ಸೂತ್ರ ಹೇಳುತ್ತಾನೆ, ಕೂಡಲೇ ಕವಿಗಳು ನಿಜವಾಗಿ ಬಳಸಿದ ಪ್ರಯೋಗವನ್ನು ಎದುರಿಗಿಡುತ್ತಾನೆ. ನಮ್ಮ ಶಾಲೆಯ ವ್ಯಾಕರಣದ ಹಾಳೆಯಲ್ಲಿ ರಾಮನು ಇಂದಿಗೂ ಕಾಡಿಗೆ ಹೋಗುತ್ತಲೇ ಇದ್ದಾನೆ. ವಿಭಕ್ತಿ ಪ್ರತ್ಯಯಕ್ಕೆ ಗೋಡೆ ಪತ್ರಿಕೆಯ ವಾಕ್ಯಗಳನ್ನೇ ಉದಾಹರಣೆ ಕೊಟ್ಟರೆ ತರಗತಿ ಹೇಗೆ ಎದ್ದು ಕೂರುತ್ತದೆ ಎಂಬುದನ್ನು ನಾನು ನೋಡಿದ್ದೇನೆ. “ಮಿಸ್, ಅದು ನಂದು” ಎಂದು ಒಬ್ಬಳು ಹೇಳುತ್ತಾಳೆ. ಅವಳ ವಾಕ್ಯದಲ್ಲಿ ‘ಇಂದ’ ಯಾಕೆ ಬಂತು ಎಂಬುದು ಅವಳಿಗೆ ಇನ್ನು ಮರೆಯುವುದಿಲ್ಲ.

ಮಕ್ಕಳ ಬರಹಕ್ಕೆ ಓದುಗರನ್ನು ಹುಡುಕಿಕೊಟ್ಟವರು ಹೊರದೇಶಗಳಲ್ಲೂ ಇದ್ದಾರೆ. ದಕ್ಷಿಣ ಫ್ರಾನ್ಸಿನ ಬೆಟ್ಟದ ಊರು ಬಾರ್-ಸ್ಯುರ್-ಲೂ. ಅಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಶಾಲಾ ಮಾಸ್ತರ ಮೊದಲ ಮಹಾಯುದ್ಧದಲ್ಲಿ ಗುಂಡು ತಗುಲಿ ಶ್ವಾಸಕೋಶ ಕೆಡಿಸಿಕೊಂಡು ಬಂದಿದ್ದ. ಹೊತ್ತುಗಟ್ಟಲೆ ನಿಂತು ಪಾಠ ಹೇಳುವ ಉಸಿರು ಅವನಲ್ಲಿ ಇರಲಿಲ್ಲ. 1924ರಲ್ಲಿ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದಿಟ್ಟ. ಮಕ್ಕಳು ತಾವು ಕಂಡದ್ದನ್ನು ಬರೆದರು, ತರಗತಿ ಕೂತು ತಿದ್ದಿತು, ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಹಾಳೆಗಳು ಬ್ರಿಟನಿಯ ಕಡಲ ತೀರದ ತ್ರೆಗುಂಕ್ ಎಂಬ ಊರಿನ ಶಾಲೆಗೆ ಹೋದವು, ಅಲ್ಲಿಂದ ಉತ್ತರ ಬಂತು. ಬೆಟ್ಟದ ಮಗುವಿಗೆ ಕಡಲು ಗೊತ್ತಿಲ್ಲ, ಕಡಲಿನ ಮಗುವಿಗೆ ಬೆಟ್ಟ ಗೊತ್ತಿಲ್ಲ. ಇಬ್ಬರೂ ವಿವರಿಸಿ ಹೇಳಲೇಬೇಕು. ಅಂಕದ ಆಸೆಯಿಲ್ಲದೆ ಕಾಗುಣಿತ ತಿದ್ದಿಕೊಳ್ಳುವ ಮಕ್ಕಳು ಹಾಗೆ ಹುಟ್ಟಿದರು.

ಇಟಲಿಯ ಬಾರ್ಬಿಯಾನ ಎಂಬ ಗುಡ್ಡಗಾಡಿನ ಶಾಲೆಯದು ಇನ್ನೊಂದು ಬಗೆ. ಪಾದ್ರಿ ಲೊರೆಂಜೊ ಮಿಲಾನಿಯ ವಿದ್ಯಾರ್ಥಿಗಳು 1967ರಲ್ಲಿ ಹೊರತಂದ ‘ಟೀಚರಿಗೊಂದು ಪತ್ರ’ ಎಂಬ ಅರ್ಥದ ಪುಸ್ತಕದಲ್ಲಿ ತಮ್ಮ ಬರವಣಿಗೆಯ ಕ್ರಮವನ್ನು ಹೇಳಿದ್ದಾರೆ. ಚೀಟಿಗೊಂದು ವಿಚಾರ ಬರೆಯುವುದು, ಚೀಟಿಗಳನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡುವುದು, ಬೇಡದ ಪದವನ್ನೆಲ್ಲ ಹೊಡೆದು ಹಾಕುವುದು. ಆಮೇಲೆ ಹೊರಗಿನವರನ್ನು, ಅದರಲ್ಲೂ ಹೆಚ್ಚು ಓದಿರದವರನ್ನು ಕರೆದು ಓದಿಸುವುದು. ಅವರಿಗೆ ಅರ್ಥವಾಗದಿದ್ದರೆ ತಪ್ಪು ಬರೆದವರದು. ಇದನ್ನು ಓದಿದಾಗ ನನಗೆ ಬಿಸಿಯೂಟದ ಅಕ್ಕ ನೆನಪಾದರು. ನಮ್ಮ ಮೇಷ್ಟ್ರು ಬಾರ್ಬಿಯಾನದ ಹೆಸರು ಕೇಳಿದ್ದರೋ ಇಲ್ಲವೋ, ಅವರು ಹಿಡಿದ ದಾರಿ ಅದೇ.

ಕನ್ನಡದಲ್ಲಿ ಈ ಕೆಲಸಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಡಿಸಿತು. ಕಾಲೇಜಿನ ಕೋಣೆಯಲ್ಲಿ ಹುಟ್ಟಿದ ಪತ್ರಿಕೆಯನ್ನು ನಾಡು ಓದಿತು. ಜಿ.ಪಿ. ರಾಜರತ್ನಂ ತಮ್ಮ ವಿದ್ಯಾರ್ಥಿಗಳ ಬರಹವನ್ನು ಕೈಯಲ್ಲಿ ಹಿಡಿದು ಅಚ್ಚಿನ ಮನೆಗೆ ತಿರುಗಿದವರು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಕಾಲೇಜು ವಿದ್ಯಾರ್ಥಿಗಳಿಗೆ ಬೇಂದ್ರೆ ಹೆಸರಿನ ಕವಿತಾ ಸ್ಪರ್ಧೆ ನಡೆಸಿ, ಆಯ್ದ ಕವಿತೆಗಳನ್ನು ಪುಸ್ತಕ ಮಾಡಿದರು. ಇಂದು ಹೆಸರಾದ ಎಷ್ಟೋ ಕವಿಗಳ ಮೊದಲ ಪುಟ ಅಲ್ಲಿದೆ.

ಆದರೆ ಇವೆಲ್ಲ ಕಾಲೇಜಿನ ಮಾತು, ಹೆಚ್ಚಾಗಿ ದೊಡ್ಡ ಊರಿನ ಮಾತು. ಹಾಸನ ಜಿಲ್ಲೆಯ ಹಳ್ಳಿ ಶಾಲೆಯ ಹುಡುಗಿಗೆ ಮೊದಲ ಓದುಗ ಸಿಗುವುದು ಎಲ್ಲಿ? 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನನ್ನ ತರಗತಿಯ ಮಕ್ಕಳು ಬಾನು ಮುಷ್ತಾಕ್ ಅವರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ತಂದರು. ಹಾಸನದಲ್ಲೇ ಇರುವವರು, ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆದವರು, ಸುತ್ತಮುತ್ತಲ ಹೆಂಗಸರು ಬಂದು ಹೇಳಿಕೊಂಡದ್ದನ್ನು ಕೇಳಿಸಿಕೊಂಡು ಕಥೆ ಮಾಡಿದವರು. “ಅವ್ರೂ ಪ್ರಬಂಧ ಬರೀತಿದ್ರಾ ಮಿಸ್?” ಎಂದು ಒಬ್ಬ ಕೇಳಿದ. ಆ ವಾರದ ಬರಹಕ್ಕೆ ನಾನು ವಿಷಯ ಕೊಡಲಿಲ್ಲ. ಮನೆಯಲ್ಲಿ ಯಾರಾದರೂ ನಿಮ್ಮ ಹತ್ತಿರ ಹೇಳಿಕೊಂಡದ್ದನ್ನು, ಅವರ ಒಪ್ಪಿಗೆ ಕೇಳಿ ಬರೆಯಿರಿ ಎಂದೆ. ಒಪ್ಪಿಗೆ ಕೇಳಿ ಎಂದದ್ದರಿಂದ ಎಷ್ಟೋ ಅಮ್ಮಂದಿರು ಮೊದಲ ಸಲ ಮಕ್ಕಳ ಪ್ರಬಂಧ ಓದಿದರು, ಓದಲು ಬಾರದವರು ಓದಿಸಿ ಕೇಳಿದರು. ಕೆಲವರು ಒಪ್ಪಲಿಲ್ಲ. ಆ ಹಾಳೆಗಳು ಗೋಡೆಗೆ ಬರಲಿಲ್ಲ, ಬರಬಾರದಾಗಿತ್ತು ಕೂಡ. ಬರೆದದ್ದಕ್ಕೆ ಓದುಗರಿದ್ದಾರೆ ಎಂದ ಮೇಲೆ ಬರೆಯಿಸಿಕೊಂಡವರ ಮಾನವೂ ಬರೆದವರ ಕೈಯಲ್ಲಿ ಇರುತ್ತದೆ. ಇದನ್ನು ಒಂಬತ್ತನೇ ತರಗತಿಯವರಿಗೆ ಬಾಯಿಮಾತಿನಲ್ಲಿ ಹೇಳುವುದು ಕಷ್ಟ, ಹೀಗೆ ತಿಳಿಸುವುದು ಸುಲಭ.

ಅಡ್ಡಿಗಳಿಲ್ಲ ಎಂದು ಹೇಳಲಾರೆ. ಪರೀಕ್ಷೆ ಹತ್ತಿರ ಬಂದರೆ ಗೋಡೆಯ ಕಡೆ ತಿರುಗಿ ನೋಡಲು ಪುರುಸೊತ್ತು ಇರುವುದಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಇದರಿಂದ ರಿಸಲ್ಟ್ ಬರುತ್ತದಾ ಎಂದು ಕೇಳಿ ಹಾಳೆಗಳನ್ನು ತೆಗೆಸಿದರು. ರಿಸಲ್ಟ್ ಬೇಕು, ನನ್ನ ಮಕ್ಕಳಿಗೂ ಬೇಕು. ಪೀಠಿಕೆ–ವಿವರಣೆ–ಉಪಸಂಹಾರದ ಚೌಕಟ್ಟನ್ನು ನಾನು ಬಿಡಿಸುವುದಿಲ್ಲ, ಅದರೊಳಗೆ ಮಗುವಿನ ಸ್ವಂತದ ಒಂದು ಸಂಗತಿ ಬರಲೇಬೇಕು ಎನ್ನುತ್ತೇನೆ. ಉತ್ತರಪತ್ರಿಕೆಯ ರಾಶಿ ತಿದ್ದುವವರೂ ಓದುಗರೇ. ಒಂದೇ ಬಗೆಯ ಪೀಠಿಕೆಗಳ ನಡುವೆ ಕಾಯಿ ಆಡಿಸುವ ತಾತ ಎದುರಾದರೆ ಅವರ ಪೆನ್ನೂ ಒಂದು ಗಳಿಗೆ ನಿಲ್ಲುತ್ತದೆ. ಮೌಲ್ಯಮಾಪನಕ್ಕೆ ಕೂತವಳಾಗಿ ಇದನ್ನು ಹೇಳುತ್ತಿದ್ದೇನೆ.

ಈ ವರ್ಷ ಫ್ರೆನೆಯ ದಾರಿ ಹಿಡಿದು ಕುಂದಾಪುರದ ಕಡೆಯ ಶಾಲೆಯೊಂದಕ್ಕೆ ನಮ್ಮ ಮಕ್ಕಳ ಬರಹಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸಿದೆವು. ಅವುಗಳಲ್ಲಿ ಕೊಬ್ಬರಿಯದೂ ಒಂದು. ನಮ್ಮ ಸೀಮೆಯಲ್ಲಿ ಯಾವ ತಲೆಮಾರಿನ ಮಕ್ಕಳು ಬರೆದರೂ ಅದು ಬರುತ್ತದೆ. ಅಲ್ಲಿಂದ ಉತ್ತರ ಬಂದಿದೆ. “ನಾವು ಕಾಯಿ ಒಡೆದು ಬಿಸಿಲಿಗೆ ಹಾಕುತ್ತೇವೆ, ಕೆಲವೇ ದಿನದಲ್ಲಿ ಒಣಗುತ್ತದೆ, ಗಾಣಕ್ಕೆ ಕೊಡುತ್ತೇವೆ. ನೀವು ಯಾಕೆ ಒಂದು ವರ್ಷ ಕಾಯುತ್ತೀರಿ?”

ತರಗತಿಯಲ್ಲಿ ಗಲಾಟೆಯೋ ಗಲಾಟೆ. ಅವರದು ಎಣ್ಣೆಗೆ, ನಮ್ಮದು ತಿನ್ನೋಕೆ ಎಂದು ಒಬ್ಬ. ಉತ್ತರದ ಕಡೆಯವರು ಹಬ್ಬಕ್ಕೆ, ಪೂಜೆಗೆ ಇಡೀ ಉಂಡೆಯನ್ನೇ ಕೇಳುತ್ತಾರೆ ಎಂದು ಮಂಡಿ ವ್ಯಾಪಾರಿಯ ಮಗಳು. ಅಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಅಟ್ಟದಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ನಮ್ಮದು ಒಣ ಸೀಮೆ ಎಂದು ಇನ್ನೊಬ್ಬಳು. “ಅದು ನಿಂಗೆ ಹೆಂಗೆ ಗೊತ್ತು?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ. ಅವಳು ಸುಮ್ಮನಾದಳು, ಆಮೇಲೆ, “ಅವ್ರನ್ನೇ ಕೇಳೋಣ ಮಿಸ್, ಅಲ್ಲಿ ಮಳೆ ಯಾವಾಗಿಂದ ಯಾವಾಗಿನವರೆಗೂ ಅಂತ” ಎಂದಳು. ಉತ್ತರದ ಮೊದಲ ಕರಡು ಸಿದ್ಧವಾಗಿದೆ. ‘ಗೌರವಾನ್ವಿತ ಸಹಪಾಠಿಗಳೇ’ ಎಂದು ಯಾರೋ ಆರಂಭಿಸಿದ್ದರು, ಉಳಿದವರೇ ಅದನ್ನು ಹೊಡೆದು ಹಾಕಿದರು. ಸೋಮವಾರ ಅಂಚೆಗೆ ಹಾಕಬೇಕು, ಅಷ್ಟರೊಳಗೆ ಇಬ್ಬರು ತಿಪಟೂರಿನ ಮಾರುಕಟ್ಟೆಗೆ ಹೋಗಿ ಉಂಡೆಗಳನ್ನು ಹೇಗೆ ಬೇರೆ ಮಾಡುತ್ತಾರೆ ಎಂದು ನೋಡಿಕೊಂಡು ಬರುವುದಾಗಿ ಒಪ್ಪಿಕೊಂಡಿದ್ದಾರೆ.